ಎರಡು ತುದಿಯ ಪ್ಯಾದೆಗಳು

ಮೊದಲು ಎದುರಿನವರ ಎಡತುದಿಯ ಪ್ಯಾದೆ, ಒಂದು ಮನೆ ಮುಂದಕ್ಕೆ. ನಾನು ನನ್ನ ನಡೆ ನಡೆಸಿದೆ. ಆಮೇಲೆ ಅವರ ಬಲತುದಿಯ ಪ್ಯಾದೆ, ಅದೂ ಒಂದೇ ಮನೆ.

ಚದುರಂಗ ಬಲ್ಲವರು ಯಾರೂ ಆಟವನ್ನು ಹೀಗೆ ಶುರು ಮಾಡುವುದಿಲ್ಲ. ಬಾರದವರೂ ಮಾಡುವುದಿಲ್ಲ, ಅವರು ನಡುವಿನ ಕಾಯಿಗೋ ಕುದುರೆಗೋ ಕೈ ಹಾಕುತ್ತಾರೆ. ಎರಡು ತುದಿಯ ಕಾಲಾಳುಗಳನ್ನು, ನಮ್ಮ ಕಡೆ ಪ್ಯಾದೆ ಅನ್ನುವ ಆ ಸಣ್ಣ ಕಾಯಿಗಳನ್ನು, ಒಂದೊಂದೇ ಮನೆ ಸರಿಸಿ ಆಮೇಲೆ ಆಟಕ್ಕೆ ಕೂಡುವುದು ನನಗೆ ತಿಳಿದಂತೆ ಒಂದೇ ಮನೆಯ ರೂಢಿ. ಅದು ಬಸವಕಲ್ಯಾಣದ ನಮ್ಮ ಮನೆ. ನನ್ನ ಮುತ್ಯಾ, ಅಪ್ಪನ ಅಪ್ಪ, ಅದಕ್ಕೆ ಬಾಗಿಲು ತೆಗೆಯುವುದು ಅನ್ನುತ್ತಿದ್ದ. "ಮೊದಲ ಎರಡೂ ಬಾಗಲಾ ತಗೀಬೇಕು. ಬಾಗಲಾ ಹಾಕ್ಕೊಂಡು ಯಾರರ ಜಗಳಾ ಆಡ್ತಾರೇನು?" ಎಂದು ಎಂಟು ವರ್ಷದ ನನಗೆ ಹೇಳಿಕೊಟ್ಟಿದ್ದ.

ಮುತ್ಯಾ ತೀರಿಕೊಂಡು ಆಗ ಮೂರು ವರ್ಷವಾಗಿತ್ತು.

ಆಟ ನಡೆದದ್ದು ಫೋನಿನಲ್ಲಿ, ಹುಮನಾಬಾದದ ನನ್ನ ಬಾಡಿಗೆ ಕೋಣೆಯಲ್ಲಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಶನಿವಾರ ಬಸ್ಸು ಹಿಡಿದು ಊರಿಗೆ, ಸೋಮವಾರ ಬೆಳಿಗ್ಗೆ ವಾಪಸು. ಎದುರಾಳಿಯ ಹೆಸರಿನ ಜಾಗದಲ್ಲಿ ಒಂದು ಅಕ್ಷರ, ಆರು ಅಂಕಿ. ಫೋಟೋ ಇಲ್ಲ. ನನ್ನದೂ ಹಾಗೆಯೇ ಇತ್ತು, ಯಾಕೆಂದರೆ ಅದು ನನ್ನ ನಿಜವಾದ ಅಕೌಂಟ್ ಆಗಿರಲಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ಓದುವಾಗ ನಾನು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು. ನನ್ನ ಸ್ವಂತ ಹೆಸರಿನ ಅಕೌಂಟಿಗೆ ಒಳ್ಳೆಯ ರೇಟಿಂಗ್ ಇದೆ, ಅಂದರೆ ಗೆದ್ದಂತೆ ಏರುವ, ಸೋತಂತೆ ಇಳಿಯುವ ಆ ಅಂಕಿ. ಒಂದು ದಿನ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಮ್, ನಿನ್ನೆ ನೀವು ಇಪ್ಪತ್ತೆರಡನೇ ನಡೆಯಾಗ ಸೋತ್ರಿ ಅಲ್ರಿ?" ಅಂದಳು. ಗೌರವದಿಂದಲೇ ಕೇಳಿದ್ದು. ಆದರೂ ನಾನು ಬಟ್ಟೆ ಬದಲಿಸುವಾಗ ಯಾರೋ ಕಿಟಕಿಯಲ್ಲಿ ನಿಂತು ನೋಡಿದಂತಾಯಿತು. ಅದೇ ವಾರ ಎರಡನೆಯ ಅಕೌಂಟ್ ತೆಗೆದೆ. ಆ್ಯಪಿನಲ್ಲಿ ನಮ್ಮ ಜಿಲ್ಲೆಯ ಹೊಸಬರಿಗೆಂದು ಒಂದು ಗುಂಪಿತ್ತು. ಅಷ್ಟೇನೂ ಜನ ಇರಲಿಲ್ಲ. ಯಾರು ಬಿಡುವಾಗಿದ್ದರೆ ಅವರ ಜೊತೆ ಆಟ. ಏನೂ ಬಾರದವಳಂತೆ ಅದರೊಳಗೆ ಹೋಗಿ ಕೂತೆ.

ಏನೂ ಬಾರದವಳಾಗಿ ಉಳಿಯಲು ಆಗಾಗ ಸೋಲಬೇಕು. ಇಲ್ಲದಿದ್ದರೆ ರೇಟಿಂಗ್ ಏರಿ ಗುಟ್ಟು ಬಯಲಾಗುತ್ತದೆ. ಸೋಲುವುದಕ್ಕೂ ಅಭ್ಯಾಸ ಬೇಕು. ಒಮ್ಮೆಲೇ ವಜೀರನನ್ನು, ಅಂದರೆ ಮಂತ್ರಿಯನ್ನು, ಒಪ್ಪಿಸಿಬಿಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಒಂದು ಕುದುರೆಯನ್ನು ಬಹಳ ಜತನದಿಂದ ಕಾಯುತ್ತ ಇನ್ನೊಂದನ್ನು ಮರೆತಂತೆ ಬಿಡಬೇಕು. ನಿಜವಾದ ಹೊಸಬರು ಮಾಡುವ ತಪ್ಪು ಅದು. ಎದುರಿನವರು ಹಿಗ್ಗುತ್ತಾರೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ ಎಂಬ ಸುಖ ನನಗೆ. ಆ ಸುಖ ಒಳ್ಳೆಯದಲ್ಲ ಎಂದು ಆಗಲೂ ಗೊತ್ತಿತ್ತು.

ಎರಡು ಬಾಗಿಲೂ ತೆರೆದ ಆ ದಿನ ನಾನು ಮೂರು ನಾಲ್ಕು ನಿಮಿಷ ಏನೂ ಆಡಲಿಲ್ಲ. ಫೋನನ್ನು ಚಾಪೆಯ ಮೇಲಿಟ್ಟು ದೂರದಿಂದ ನೋಡಿದೆ. ಆಮೇಲೆ ಹೇಗೋ ಆಡಿ ಸೋತೆ. ಮರುದಿನ ನಾಲ್ಕಕ್ಕೆ ಅದೇ ಹೆಸರು, ಅದೇ ಎರಡು ಪ್ಯಾದೆ. ಮೂರನೆಯ ದಿನವೂ. ಮುತ್ಯಾ ಹಲಗೆ ಬಿಚ್ಚುತ್ತಿದ್ದದ್ದೂ ನಾಲ್ಕಕ್ಕೇ, ಚಹಾ ಬರುವ ಹೊತ್ತಿಗೆ.

ಬಾಗಿಲು ತೆಗೆಯುವುದು ಯಾರು ಯಾರಿಗೆ ಗೊತ್ತು ಎಂದು ಲೆಕ್ಕ ಹಾಕಿದೆ. ಮುತ್ಯಾ. ನಾನು. ಅಪ್ಪನಿಗೆ ಆಟದ ಮೇಲೆ ಮನಸ್ಸಿರಲಿಲ್ಲ, ಅವ್ವನಿಗೆ ಒಂದು ಕಡೆ ಕೂಡಲು ಪುರಸೊತ್ತಿರಲಿಲ್ಲ. ಅತ್ತೆ ಚಹಾ ತಂದಿಡುತ್ತಿದ್ದಳು, ಅಷ್ಟೇ. ಲೆಕ್ಕ ಕಲಿಸುವವಳು ನಾನು. ಆ ಲೆಕ್ಕವನ್ನು ಇಬ್ಬರಿಗೇ ಮುಗಿಸಿದೆ. ಅದರಲ್ಲಿ ಒಬ್ಬರು ಇರಲಿಲ್ಲ.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಮುಡಬಿಯ ಸಾಲಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದಳು. ರಿಟೈರಾಗಿ ನಮ್ಮ ಮನೆಗೆ ಬಂದದ್ದೂ ವಿಶ್ರಾಂತಿಗಲ್ಲ. ಮೊದಲು ಆಯಿ, ಮುತ್ಯಾನ ಹೆಂಡತಿ, ಹಾಸಿಗೆ ಹಿಡಿದಳು, ಅತ್ತೆ ನೋಡಿಕೊಂಡಳು. ಆಮೇಲೆ ಮುತ್ಯಾ. ಆಮೇಲೆ ಅವ್ವನ ಆಪರೇಶನ್. ಗಂಡ, ಮಕ್ಕಳು ಇಲ್ಲದವಳು ಎಂಬ ಕಾರಣಕ್ಕೆ ಎಲ್ಲರ ಹಾಸಿಗೆಯ ಪಕ್ಕದಲ್ಲೂ ಅವಳದೊಂದು ಜಾಗ ತಾನಾಗಿ ಗೊತ್ತಾಗುತ್ತಿತ್ತು. ಕಳೆದ ಶ್ರಾವಣದಲ್ಲಿ ನಿರ್ಣಾದ ದೊಡ್ಡಪ್ಪ, ಅಪ್ಪನ ಅಣ್ಣ, ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಇನ್ನು ಅತ್ತೆ ನಿರ್ಣಾಕ್ಕೆ ಹೋಗುತ್ತಾಳೆ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವಳ ಚೀಲ ಮಾತ್ರ ಅಟ್ಟದಿಂದ ಕೆಳಗಿಳಿಯಿತು.

ಅದೇ ತಿಂಗಳು ಅತ್ತೆಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು. ನನ್ನನ್ನು ಮುಡಬಿಯ ಯಾವುದೋ ವಿದ್ಯಾರ್ಥಿನಿಯ ಹೆಸರಿನಿಂದ ಕರೆದಳು. ಅಪ್ಪನ ಬಿಪಿ ಗುಳಿಗೆಯನ್ನು ಅವ್ವನಿಗೆ ಕೊಟ್ಟಳು. ಅವ್ವ ನುಂಗುವ ಮುಂಚೆ ನೋಡಿಕೊಂಡಳು. ಒಂದು ಬೆಳಿಗ್ಗೆ ಗ್ಯಾಸ್ ತಿರುವಿ ಕಡ್ಡಿ ಗೀರದೆ ಹಿತ್ತಲಿಗೆ ಹೋಗಿ ಕೂತಿದ್ದಳು. ಮನೆಯೆಲ್ಲ ವಾಸನೆ. ಇಂಥವಳ ಕೈಯಲ್ಲಿ ರೋಗಿಯನ್ನು ಹೇಗೆ ಕೊಡುವುದು? ಚೀಲ ಮತ್ತೆ ಅಟ್ಟ ಹತ್ತಿತು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಮಂಚ, ಭಜನೆ ಕೇಳಲು ಅವಳದೇ ಹಳೆಯ ಫೋನು ಕೊಟ್ಟು ಅವಳನ್ನು ಅವಳ ಪಾಡಿಗೆ ಬಿಟ್ಟರು.

ನನ್ನ ಹೆಸರಿಲ್ಲದ ಎದುರಾಳಿಯ ಜೊತೆ ಆಟ ನಡೆದೇ ಇತ್ತು. ನಾಲ್ಕನೆಯ ವಾರ, ಒಂದು ಗುರುವಾರ, ಆ ವಿಚಿತ್ರ ಆಟ ಆಡಿದೆವು. ನನ್ನ ರೇಟಿಂಗ್ ಏರಿತ್ತು, ಆ ದಿನ ಸೋಲಬೇಕಿತ್ತು. ಕುದುರೆಯನ್ನು ಮರೆತಂತೆ ಬಿಟ್ಟೆ. ಎದುರಿನವರು ಅದನ್ನು ಹೊಡೆಯಲಿಲ್ಲ. ಬದಲಿಗೆ ತಮ್ಮ ಆನೆಯನ್ನು ನನ್ನ ಬಾಯಿಗೆ ತಂದಿಟ್ಟರು. ನಾನು ಕಾಣದವಳಂತೆ ಪಕ್ಕದ ಪ್ಯಾದೆ ಸರಿಸಿದೆ. ಅವರು ವಜೀರನನ್ನು ನಡುಬಯಲಿಗೆ ತಂದು ನಿಲ್ಲಿಸಿದರು. ನಾನು ಮುಟ್ಟಲಿಲ್ಲ, ನನ್ನದನ್ನೂ ಅದರ ಪಕ್ಕದ ಮನೆಗೆ ಒಯ್ದೆ. ಇಬ್ಬರು ವಜೀರರು ಮೈಗೆ ಮೈ ತಾಗಿ ನಿಂತಿದ್ದರು. ಸುತ್ತ ಕಾಯಿಗಳೆಲ್ಲ ಹೊಡೆಸಿಕೊಳ್ಳಲು ತಯಾರಾಗಿ ನಿಂತಿದ್ದವು, ಹೊಡೆಯುವವರು ಇರಲಿಲ್ಲ. ಆಗ ತಿಳಿಯಿತು: ಅವರೂ ನನ್ನಂತೆಯೇ. ಆಟ ಬಲ್ಲವರು, ಬಾರದವರ ವೇಷದಲ್ಲಿ ಕೂತವರು.

ಅಷ್ಟರಲ್ಲಿ ಅವರ ಒಂದು ಪ್ಯಾದೆ ನನ್ನ ಕೊನೆಯ ಸಾಲು ಮುಟ್ಟಿತು. ಆ್ಯಪು ಆಗ ಯಾವ ಕಾಯಿ ಬೇಕು ಎಂದು ಕೇಳುತ್ತದೆ. ಎಲ್ಲರೂ ವಜೀರನನ್ನೇ ತೆಗೆದುಕೊಳ್ಳುತ್ತಾರೆ. ಇವರು ಒಂಟೆಯನ್ನು ತೆಗೆದುಕೊಂಡರು. ಪ್ಯಾದೆ ಬಂದದ್ದು ಒಂಟೆಯ ಸಾಲಿನಲ್ಲಿ. ಮುತ್ಯಾನ ಹಳೆಯ ಕಾಯಿದೆ ಅದು: ಯಾರ ಸಾಲಿನಲ್ಲಿ ಹೋಗಿ ಮುಟ್ಟುತ್ತೀಯೋ ಅವರೇ ಆಗಬೇಕು, ಎಲ್ಲರೂ ವಜೀರರಾದರೆ ಒಂಟೆ ಕಾಯುವವರು ಯಾರು?

ಕೊನೆಗೆ ಇಬ್ಬರೂ ರಾಜನನ್ನು ಒಂದು ಮನೆ ಅತ್ತ, ಒಂದು ಮನೆ ಇತ್ತ ಸರಿಸುತ್ತ ಕೂತೆವು. ಆ್ಯಪು ಆಟ ಸಮ ಎಂದು ಬರೆಯಿತು.

ಮರುದಿನ ನನ್ನ ನಿಜವಾದ ಅಕೌಂಟಿನಲ್ಲಿ ಆಡುವಾಗ ಒಂದು ಕುದುರೆಯನ್ನು ಕಾಯುತ್ತ ಇನ್ನೊಂದನ್ನು ಮರೆತೆ. ಬೇಕೆಂದು ಮರೆತದ್ದಲ್ಲ.

ಶನಿವಾರ ಊರಿಗೆ ಹೋದೆ. ಅಪ್ಪ ಅಂಗಡಿಯಲ್ಲಿದ್ದ, ಅವ್ವ ಪಕ್ಕದ ಮನೆಗೆ ಸಂಡಿಗೆ ಹಾಕಲು ಹೋಗಿದ್ದಳು. ಊರಿಗೆ ಬಂದಾಗ ಆಡುವವಳಲ್ಲ ನಾನು, ಅಂದು ಮಾತ್ರ ನಾಲ್ಕಕ್ಕೆ ಮಾಳಿಗೆಯ ಕೋಣೆಯಲ್ಲಿ ಫೋನ್ ತೆರೆದೆ. ಅದೇ ಹೆಸರು. ನಾನು ಒಂದು ಪ್ಯಾದೆ ಸರಿಸಿದೆ.

ಕೆಳಗಿನಿಂದ ಟಕ್ ಎಂದು ಸದ್ದು ಬಂತು.

ಕಾಯಿ ಹಲಗೆಗೆ ತಾಗಿದ ಸದ್ದು. ಎದುರಿನವರು ಆಡಿದಾಗ ಆ್ಯಪು ಮಾಡುವ ಸದ್ದು ಅದು. ನನ್ನ ಫೋನಿನಲ್ಲಿ ಅದನ್ನು ಎಂದೋ ನಿಲ್ಲಿಸಿದ್ದೆ. ಏನೋ ಬಿದ್ದಿರಬೇಕು ಅಂದುಕೊಂಡೆ. ಎದುರಿನ ನಡೆ ಬಂತು. ನಾನು ಕುದುರೆ ಎತ್ತಿದೆ. ಕೆಳಗೆ ಟಕ್. ಆಮೇಲೆ ಬೇಕೆಂದೇ ಸುಮ್ಮನಿದ್ದೆ. ಗೋಡೆ ಗಡಿಯಾರ ನೋಡಿ ಮೂರು ನಿಮಿಷ ಎಣಿಸಿದೆ. ಮನೆಯಲ್ಲಿ ಒಂದು ಸದ್ದಿಲ್ಲ. ಹೊರಗೆ ಬಿಸಿಲು ಹಾಗೇ ಬಿದ್ದಿತ್ತು. ಒಂಟೆಯನ್ನು ಸರಿಸಿದೆ.

ಟಕ್.

ಫೋನ್ ಹಿಡಿದೇ ಮೆಟ್ಟಿಲಿಳಿದೆ. ಅತ್ತೆ ಮಂಚದ ಮೇಲೆ ಕಾಲು ಮಡಚಿ ಕೂತು ತಟ್ಟೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ತಟ್ಟೆಯ ಒಂದು ಬದಿ ಸ್ವಲ್ಪ ಎತ್ತರವಾಗಿತ್ತು, ಕೆಳಗೆ ಏನೋ ಇದ್ದಂತೆ. ನನ್ನನ್ನು ನೋಡಿ ಮೆಲ್ಲಗೆ ನಕ್ಕಳು. ಒಳಗೆ ಯಾರೂ ಇಲ್ಲದ ಮನೆಯ ದೀಪದಂಥ ನಗು.

"ಯಾರವ್ವ ನೀ? ಯಾರ ಪೈಕಿ?" ಅಂದಳು.

"ನಾನ, ಅತ್ತಿ."

"ಹೌದೇನು? ಕೂಡ್ರು. ಚಹಾ ಕುಡದ ಹೋಗು."

ನಾನು ಮೇಲೆ ಬಂದೆ. ಫೋನಿನಲ್ಲಿ ಹೊಸ ನಡೆ ಬಂದಿತ್ತು. ತಮ್ಮ ವಜೀರನನ್ನು ನನ್ನ ಒಂಟೆಯ ಬಾಯಿಗೆ ತಂದು ನಿಲ್ಲಿಸಿದ್ದರು.

ಆ ಅಕೌಂಟಿನ ಪುಟ ತೆರೆದು ನೋಡಿದೆ. ಅದು ಹುಟ್ಟಿದ್ದು ಕಳೆದ ಶ್ರಾವಣದಲ್ಲಿ. ದೊಡ್ಡಪ್ಪ ಬಿದ್ದ ತಿಂಗಳು. ಸಾರಿಗೆ ಮೊದಲ ಸಲ ಎರಡು ಉಪ್ಪು ಬೀಳುವುದಕ್ಕೂ ಮುಂಚೆ.

ಭಾನುವಾರ ಊಟಕ್ಕೆ ಎಲ್ಲರೂ ಕೂತಿದ್ದೆವು. ಅಪ್ಪ ರೊಟ್ಟಿ ಮುರಿಯುತ್ತ ಅಂದ: "ಹುಮನಾಬಾದ್ದಾಗ ಸೋಮವಾರಕ್ಕೊಮ್ಮೆ ದಿಮಾಗಿನ ಡಾಕ್ಟರ್ ಬರ್ತಾನಂತ. ನಾಳಿ ಅಕ್ಕಗ ತೋರಸ್ಕೊಂಡು ಬರೋಣು."

"ತೋರಸ್ರಿ," ಅಂದಳು ಅವ್ವ. "ಮೂವತ್ತು ವರ್ಷ ಮಗ್ಗಿ ಕಲಿಸಿದಾಕಿ, ಉಪ್ಪು ಹಾಕೂಮುಂದ ಎರಡರತನಕ ಎಣಸಾಕ ಬರವಲ್ದು."

"ಎಲ್ಲಾ ಬರಾಬರ್ ಅದ ಅಂದ್ರ ಹಂಗ ನಿರ್ಣಾಕ್ಕ ಬಿಟ್ಟ ಬರ್ತೀನಿ. ಅಣ್ಣಾಗ ಕೈಹಿಡದು ಏಳಸವ್ರು ಬೇಕು, ದಿನಾ ಫೋನ್ ಮಾಡಾಕತ್ತಾನ. ಬರಾಬರ್ ಇಲ್ಲಂದ್ರ ಗುಳಗಿ ಸುರು ಮಾಡೋಣು. ಆ ಫೋನೂ ಕಸಗೊಂಡ ಇಡೋಣು, ಯಾವನರ ಫೋನ್ ಹಚ್ಚಿ ಏನರ ಒತ್ತಸ್ತಾನ."

ಅತ್ತೆ ತಲೆ ಎತ್ತಿದಳು. "ನಿರ್ಣಾದಾಗ ಸಾಲಿ ಸುರು ಆತೇನು?"

"ನೋಡ್ರಿ! ರಿಟೈರಾದ್ರೂ ಅಕ್ಕಾರು ಹಾಜರಿ ಬಿಟ್ಟಿಲ್ಲ," ಎಂದು ಅವ್ವ ನಕ್ಕಳು. ಅಪ್ಪನೂ ನಕ್ಕ. ಅತ್ತೆಯೂ ನಕ್ಕಳು, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಯಾಕೆ ಎಂದು ತಿಳಿಯದವಳಂತೆ. ಆ ಒಂದು ಕ್ಷಣ ಎಷ್ಟು ಸರಿಯಾಗಿತ್ತೆಂದರೆ ನಾನು ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಇಟ್ಟೆ.

ಡಾಕ್ಟರರ ಮುಂದೆ ಬುದ್ಧಿ ಸರಿ ಇದೆ ಎಂದು ತೋರಿಸಿದರೆ ನಿರ್ಣಾ, ದೊಡ್ಡಪ್ಪನ ಹಾಸಿಗೆ, ಅದೆಷ್ಟು ವರ್ಷವೋ. ಸರಿ ಇಲ್ಲ ಎಂದು ತೋರಿಸಿದರೆ ಬೇಡದ ಗುಳಿಗೆ, ಮತ್ತು ಅವಳಿಗೆ ಉಳಿದಿದ್ದ ಆ ನಾಲ್ಕು ಗಂಟೆಯ ಆಟವೂ ಇಲ್ಲ. ಎರಡರಲ್ಲಿ ಒಂದನ್ನು ನಾಳೆ ಬೆಳಿಗ್ಗೆ ಅವಳು ಆರಿಸಬೇಕಿತ್ತು. ಇದು ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅಂದು ನಾಲ್ಕಕ್ಕೆ ನಾನು ಫೋನ್ ತೆಗೆಯಲಿಲ್ಲ. ಮುತ್ಯಾನ ಹಲಗೆಯನ್ನು ಟ್ರಂಕಿನಿಂದ ತೆಗೆದು ಒರೆಸಿ ಕೆಳಗೆ ಒಯ್ದೆ. ಕರಿ ಬದಿಯ ಒಂದು ಒಂಟೆ ಎಂದೋ ಕಳೆದುಹೋಗಿ ಅದರ ಜಾಗಕ್ಕೆ ದಾರ ಮುಗಿದ ರೀಲು ಬಂದಿತ್ತು. ಅತ್ತೆಯ ಮಂಚದ ಮೇಲೆ ಕಾಯಿ ಜೋಡಿಸಿದೆ. ಅವಳು ತೊಗರಿಬೇಳೆಯ ತಟ್ಟೆ ಹಿಡಿದು ಅದೇ ನಗುವಿನಿಂದ ನೋಡುತ್ತಿದ್ದಳು. ನಾನು ಎಡತುದಿಯ ಪ್ಯಾದೆಯನ್ನು ಒಂದು ಮನೆ ಸರಿಸಿದೆ. ಬಲತುದಿಯದನ್ನೂ.

ನಗು ನಿಧಾನವಾಗಿ ಹೋಯಿತು. ಮುಖದ ಒಂದೊಂದೇ ಭಾಗದಿಂದ, ಕೊನೆಗೆ ಕಣ್ಣಿನಿಂದ. ಅದರ ಹಿಂದೆ ಇದ್ದ ಮುಖವನ್ನು ನಾನು ಎಂಟು ತಿಂಗಳಿಂದ ನೋಡಿರಲಿಲ್ಲ. ಅವಳು ತಟ್ಟೆ ಕೆಳಗಿಟ್ಟು ತನ್ನ ಎರಡು ತುದಿಯ ಪ್ಯಾದೆಗಳನ್ನು ಸರಿಸಿದಳು.

"ಬಾಗಲಾ ಮುಂದ ಮಾಡಿ ಬಾ," ಅಂದಳು. ಬಾಗಿಲು ಎಳೆದು ಬಂದೆ.

"ನಾನು ಅಂತ ಯಾವಾಗ ಗೊತ್ತಾತು ಅತ್ತಿ?"

"ಮೊದಲನೇ ದಿನಾ. ನಾ ಬಾಗಲಾ ತಗದ್ರ ಬ್ಯಾರೇ ಮಂದಿ ಹುಚ್ಚಿ ಅಂತ ತಿಳಕೊಂಡು ಹೊಡ್ಯಾಕ ಬರ್ತಾರ. ನೀ ಒಬ್ಬಾಕಿನ ಮೂರ್ನಾಲ್ಕು ನಿಮಿಷ ಸುಮ್ಮ ಕುಂತಿ."

"ಗೊತ್ತಿದ್ದೂ ಸುಮ್ಮನಿದ್ದಿ?"

"ನೀನೂ ವೇಷಾ ಹಾಕ್ಕೊಂಡು ಬಂದಿದ್ದಿ. ನಿನ್ನ ವೇಷಾ ನಾ ಯಾಕ ಕಸ್ಕೊಳ್ಳಿ?"

ಮುತ್ಯಾ ಅವಳಿಗೆ ನನಗಿಂತ ಎಷ್ಟೋ ಮುಂಚೆ ಕಲಿಸಿದ್ದ. ಮುಡಬಿಯಲ್ಲಿ ಒಬ್ಬಳೇ ಇದ್ದಾಗ ಫೋನಿನಲ್ಲಿ ಶುರು ಮಾಡಿ ವರ್ಷಗಟ್ಟಲೆ ಆಡಿದ್ದಳು. ಆ ಮೊದಲ ಅಕೌಂಟಿನ ಹೆಸರು ಹೇಳಿದಳು. ನನ್ನ ನಿಜವಾದ ಅಕೌಂಟನ್ನು ಮೂರು ಸಲ ಸೋಲಿಸಿದ ಹೆಸರು. ಯಾರೋ ರಿಟೈರಾದ ಇಂಜಿನಿಯರ್ ಇರಬೇಕು ಅಂದುಕೊಂಡಿದ್ದೆ.

"ಅಲ್ಲಿ ಬಾಗಲಾ ಹಾಕ್ಕೊಂಡೇ ಆಡ್ತೀನಿ," ಅಂದಳು. "ಇದು ಸೋಲೂದು ಕಲೀಲಿಕ್ಕೆ ತಗದಿದ್ದು. ತಪ್ಪು ಮಾಡೂದು ಬೇಷ್ ಕಲತ ಮ್ಯಾಲೆ ಅಡಗಿಮನಿಗೆ ಹೋದೆ."

ನಾನು ಕುದುರೆ ಎತ್ತಿದೆ. ಕೈಯಲ್ಲೇ ಉಳಿಯಿತು. "ಉಪ್ಪು?"

"ನಾನ ಹಾಕಿದ್ದು."

"ನನಗ ಬ್ಯಾರೇ ಹೆಸರಿಲೆ ಕರದಿದ್ದು?"

"ನಾನ."

"ಗುಳಗಿ?"

"ನಿಮ್ಮವ್ವ ನೋಡೇ ನುಂಗ್ತಾಳ, ಗೊತ್ತಿತ್ತು."

"ಗ್ಯಾಸ್?"

ಅವಳು ಹಲಗೆಯನ್ನೇ ನೋಡುತ್ತಿದ್ದಳು. ದಾರದ ರೀಲನ್ನು ಎತ್ತಿ ಅದೇ ಮನೆಯಲ್ಲಿ ಮತ್ತೆ ಇಟ್ಟಳು.

"ಗ್ಯಾಸ್ ನಾ ಮಾಡಿದ್ದಲ್ಲ."

ಹಿತ್ತಲಲ್ಲಿ ಯಾರದೋ ಮೇಕೆ ಕೂಗಿತು. ನಾನು ಕುದುರೆಯನ್ನು ಅದರ ಮನೆಗೆ ವಾಪಸು ಇಟ್ಟೆ.

"ಅವತ್ತ ನಾ ಏನೂ ಹೂಡಿದ್ದಿಲ್ಲ," ಅಂದಳು. "ವಾಸನಿ ಬಂದ ಮ್ಯಾಲೇ ನನಗೂ ಖಬರ್ ಆತು. ಈಗೀಗ ತಪ್ಪು ಆದಕೂಡ್ಲೇ ಕುಂತು ವಿಚಾರ ಮಾಡ್ತೀನಿ, ಇದು ನಾ ಮಾಡಿದ್ದೋ, ತಾನ ಆಗಿದ್ದೋ ಅಂತ. ಒಮ್ಮೊಮ್ಮೆ ಗೊತ್ತಾಗ್ತದ. ನಿನ್ನೆ ನೀ ಬಾಗಲದಾಗ ನಿಂತಾಗ ಯಾರು ಅಂತ ಕೇಳಿದ್ನಲ್ಲ..."

"ಅದು ಸುಳ್ಳೇ ಕೇಳಿದ್ದಿ."

"ಹೌದು ಅಂತ ತಿಳ್ಕೊಂಡೀನಿ," ಅಂದಳು ಅತ್ತೆ.

ಆಮೇಲೆ ನನ್ನ ಕೈ ಹಿಡಿದು, ಮಗ್ಗಿ ತಪ್ಪಿದ ಹುಡುಗಿಯನ್ನು ಕೇಳುವಂತೆ ಅಲ್ಲ, ತಾನೇ ತಪ್ಪಿದ ಹುಡುಗಿಯಂತೆ ಕೇಳಿದಳು: "ನಾಳಿ ಡಾಕ್ಟರಗ ಏನಂತ ಹೇಳ್ಲಿ? ಖರೇ ಹೇಳಿದ್ರ ನಿರ್ಣಾಕ್ಕ ಒಯ್ತಾರ. ಸುಳ್ಳು ಹೇಳಿದ್ರ, ನನಗೇನಾಗ್ಯದ ಅನ್ನೂದು ನನಗೇ ತಿಳಿಯೂದಿಲ್ಲ."

ನಾವು ಆಟ ಮುಗಿಸಲಿಲ್ಲ. ಅವ್ವ ಬರುವ ಸದ್ದಾಯಿತು. ನಾನು ಕಾಯಿಗಳನ್ನು ನನ್ನ ಸೀರೆಯ ಸೆರಗಿಗೆ ಸುರಿದುಕೊಳ್ಳುತ್ತಿದ್ದಂತೆ ಅತ್ತೆಯ ಮುಖಕ್ಕೆ ಆ ನಗು ವಾಪಸು ಬಂತು. ಅದನ್ನು ಅವಳು ತಂದದ್ದೋ, ಅದೇ ಬಂದದ್ದೋ, ಎರಡಡಿ ದೂರದಲ್ಲಿದ್ದ ನನಗೆ ಹೇಳಲಾಗಲಿಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೂ ಮುಂಚೆ ಅಪ್ಪನ ಮುಂದೆ ಹೋಗಿ ನಿಂತೆ. ಮನೆಯಲ್ಲಿ ನಾನು ಹೆಚ್ಚು ಮಾತಾಡುವವಳಲ್ಲ, ಹಾಗಾಗಿ ಅವನು ಪೇಪರ್ ಕೆಳಗಿಟ್ಟ.

"ಡಾಕ್ಟರ್ ಏನರ ಹೇಳ್ಲಿ, ಅತ್ತಿ ನಿರ್ಣಾಕ್ಕ ಹೋಗೂದಿಲ್ಲ. ನನ್ನ ಸಂಗಾಟ ಹುಮನಾಬಾದ್ದಾಗ ಇರ್ತಾಳ. ಫೋನೂ ಆಕಿ ಹತ್ರನ ಇರ್ತದ. ನಾನ ಕರಕೊಂಡು ಹೋಗ್ತೀನಿ, ನೀವು ಬರೂದು ಬ್ಯಾಡ."

"ನಿನ್ನ ಕೋಣಿ ಎಷ್ಟದ ಯವ್ವಾ? ಒಬ್ಬಾಕಿ ಕಾಲು ಚಾಚಿದ್ರ ಇನ್ನೊಬ್ಬಾಕಿ ಹೊಸ್ತಲದಾಗ."

"ಇಬ್ರೂ ಮಡಚ್ಕೊತೀವಿ."

"ಮತ್ತ ಅಣ್ಣಾಗ ಯಾರು?"

"ನೀವು ಅವರ ತಮ್ಮನ ಅಲ್ಲೇನ್ರಿ?"

ಅವ್ವ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಕೊನೆಗೆ ಅಪ್ಪನೇ ಎದ್ದು ಅಟ್ಟದಿಂದ ಅತ್ತೆಯ ಚೀಲ ಇಳಿಸಿಕೊಟ್ಟ.

ಬಸ್ಸಿನಲ್ಲಿ ಅತ್ತೆಯನ್ನು ಕಿಟಕಿಯ ಬದಿಗೆ ಕೂಡಿಸಿ, ಅಪ್ಪನಿಗೆ ಹೇಳಿದ್ದನ್ನು ಅವಳಿಗೂ ಹಾಗೆಯೇ ಹೇಳಿದೆ. ಸ್ವಲ್ಪ ದೂರ ಹೋದ ಮೇಲೆ ನನ್ನ ಮೊಣಕಾಲನ್ನು ಎರಡು ಸಲ ತಟ್ಟಿದಳು.

ದವಾಖಾನೆಯಲ್ಲಿ ನಮ್ಮ ಸರದಿ ಬೇಗ ಬಂತು. ಡಾಕ್ಟರು ಕಾಗದ ಎಳೆದುಕೊಂಡು, "ಇವತ್ತು ಯಾವ ವಾರ, ಹೇಳ್ರಿ?" ಎಂದು ಕೇಳಿದರು. ಅತ್ತೆ ಅವರತ್ತ ನೋಡಲಿಲ್ಲ. ನನ್ನ ಮುಖ ನೋಡಿದಳು, ನಡೆಗಾಗಿ ಕಾಯುವವರು ನೋಡುವಂತೆ. ನಾನು ಅಲ್ಲಿ ಕೂತಿರುವಷ್ಟು ಹೊತ್ತು ಅವಳು ಯಾರಾದರೊಬ್ಬರಿಗಾಗಿ ಆಡಲೇಬೇಕಾಗುತ್ತಿತ್ತು. ಎದ್ದು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಒಳಗಿನ ಮಾತು ಕೇಳಿಸದಷ್ಟು ದೂರದ ಬೆಂಚು ಹುಡುಕಿ, ಅವಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.